ಕರೆಂಟು ಎಂಬ ಮಾತು

ಯಾದಗಿರಿ, ಶಹಾಪುರ, ಸುರಪುರಗಳ ಯಾವ ಓಣಿಯಲ್ಲಿ ನಿಂತರೂ ‘ಕರೆಂಟ್ ಹೋಗ್ಯಾದ’, ‘ಕರೆಂಟ್ ಹೊಡೀತು’, ‘ಕರೆಂಟ್ ಬಿಲ್ಲು ಬಂತು’ ಎಂಬ ಮಾತುಗಳು ಕಿವಿಗೆ ಬೀಳುವುವು. ಇಂಗ್ಲಿಷಿನಿಂದ ಬಂದ ಈ ಪದ ನಮ್ಮಲ್ಲಿ ವಿದ್ಯುತ್ತಿನ ಒತ್ತಡ, ಹರಿವು, ಶಕ್ತಿ ಎಲ್ಲಕ್ಕೂ ಒಂದೇ ಹೆಸರಾಗಿದೆ. ಮೂಲದಲ್ಲಿ ಅದಕ್ಕೆ ಇಷ್ಟು ಅಗಲವಾದ ಅರ್ಥವಿರಲಿಲ್ಲ.

ಲ್ಯಾಟಿನ್ ಭಾಷೆಯಲ್ಲಿ ‘ಕುರ್ರೆರೆ’ ಎಂದರೆ ಓಡುವುದು. ಆ ಧಾತು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಕರೆಂಟ್ ಆಯಿತು. ಸುದ್ದಿ ಹೊತ್ತು ಓಡುವ ಕೊರಿಯರ್, ಕೈಯಿಂದ ಕೈಗೆ ಓಡುವ ಕರೆನ್ಸಿ ಇದರ ಬಂಧುಗಳೇ. ಭೀಮೆಯ ಸೆಳವೂ ಇಂಗ್ಲಿಷಿನಲ್ಲಿ ಕರೆಂಟು. ನಡೆಯುತ್ತಿರುವ ವರ್ಷಕ್ಕೂ ಅದೇ ವಿಶೇಷಣ. 1820ರಲ್ಲಿ ಫ್ರಾನ್ಸಿನ ಆಂಪೇರ್ ವಿದ್ಯುತ್ತಿನ ಒತ್ತಡ ಬೇರೆ, ಪ್ರವಾಹ ಬೇರೆ ಎಂದು ವಿಂಗಡಿಸಿ, ಪ್ರವಾಹಕ್ಕೆ ಈ ಪದದ ಫ್ರೆಂಚ್ ರೂಪವನ್ನು ಬಳಸಿದನು.

ಹೋಲಿಕೆ ಒಳ್ಳೆಯದೇ, ಆದರೆ ಎಚ್ಚರವಿರಬೇಕು. ನಾರಾಯಣಪುರ ಅಣೆಕಟ್ಟಿನಿಂದ ಕಾಲುವೆಗೆ ಬಿಟ್ಟ ನೀರು ಕೊನೆಯ ಹೊಲವನ್ನು ಮುಟ್ಟುವವರೆಗೆ ರೈತನು ಕಾಯಬೇಕು. ದೀಪವೋ ಸ್ವಿಚ್ಚು ಒತ್ತಿದೊಡನೆ ಹೊತ್ತುತ್ತದೆ. ತಂತಿಯು ಇಲೆಕ್ಟ್ರಾನುಗಳಿಂದ ಮೊದಲೇ ತುಂಬಿರುವ ಕಾಲುವೆ. ನಮ್ಮ ಮನೆಯ ತಂತಿಯಲ್ಲಂತೂ ಅವು ಸೆಕೆಂಡಿಗೆ 50 ಬಾರಿ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತವೆಯೇ ಹೊರತು, ವಿದ್ಯುದಾಗಾರದಿಂದ ಪಯಣಿಸಿ ಬರುವುದಿಲ್ಲ.

ಈ ವಿಂಗಡಣೆ ಪಂಡಿತರ ಚರ್ಚೆಗಷ್ಟೆ ಸೇರಿದ್ದಲ್ಲ. ‘ಕರೆಂಟ್ ಕಡಿಮೆ ಬಂದು ಮೋಟಾರು ಸುಟ್ಟಿತು’ ಎಂದು ಪಂಪ್‌ಸೆಟ್ಟಿನ ಒಡೆಯರು ಹೇಳುವುದುಂಟು. ನಿಜದಲ್ಲಿ ನಡೆದದ್ದು ತದ್ವಿರುದ್ಧ! ಕಡಿಮೆಯಾದದ್ದು ಒತ್ತಡ, ಅಂದರೆ ವೋಲ್ಟೇಜು. ಅಷ್ಟೇ ನೀರನ್ನೆತ್ತಲು ಮೋಟಾರು ಆಗ ಹೆಚ್ಚು ಕರೆಂಟನ್ನು ಎಳೆದುಕೊಳ್ಳುತ್ತದೆ. ಒತ್ತಡ ಕಾಲುಪಾಲು ಇಳಿದರೆ ಪ್ರವಾಹ ಸುಮಾರು ಮೂರನೆಯ ಒಂದು ಪಾಲು ಏರೀತು. ಸುರುಳಿಯ ಶಾಖ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅದು ಮುಕ್ಕಾಲು ಪಾಲಿನಷ್ಟು ಹೆಚ್ಚುತ್ತದೆ. ತಂತಿಯ ಮೇಲಿನ ಲೇಪ ಕರಗುವುದು ಇದರಿಂದಲೇ. ಆದುದರಿಂದ ಸ್ಟಾರ್ಟರು ಒತ್ತುವ ಮುನ್ನ ವೋಲ್ಟ್ ಮೀಟರಿನ ಮುಳ್ಳನ್ನು ನೋಡುವುದು ಲೇಸು.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಕೂಡಿಸಿದ್ದರೆ, ಅದನ್ನು ಆರಿಸಿದಾಗ ದೀಪವೇನೋ ಆರುತ್ತದೆ, ಕರೆಂಟು ಹರಿಯುವುದಿಲ್ಲ. ಆದರೆ ಹೋಲ್ಡರಿನಲ್ಲಿ 230 ವೋಲ್ಟಿನ ಒತ್ತಡ ಹಾಗೆಯೇ ಕಾದಿರುತ್ತದೆ. ಬಲ್ಬು ಬದಲಿಸಲು ಹೋದವನು ಅದನ್ನು ಮುಟ್ಟಿದರೆ, ಅವನ ಮೈಯೇ ನೆಲಕ್ಕೆ ಹರಿಯುವ ದಾರಿಯಾಗುತ್ತದೆ; ಇಲ್ಲದಿದ್ದ ಕರೆಂಟು ಆ ಕ್ಷಣದಲ್ಲಿ ಹುಟ್ಟುತ್ತದೆ. ಕೈಯಿಡುವ ಮೊದಲು ಮೇನ್ ಸ್ವಿಚ್ಚನ್ನೇ ಆರಿಸಬೇಕೆಂದು ನಾವು ಹೇಳುವುದು ಇದಕ್ಕಾಗಿ.