ಬೆಳಕಿನ ಸಮಸ್ಯಾಪೂರ್ತಿ

ಅವಧಾನದ ಸಭೆಗಳಲ್ಲಿ ಸಮಸ್ಯಾಪೂರ್ತಿ ಎಂಬುದೊಂದುಂಟು. ಪೃಚ್ಛಕರು ಪದ್ಯದ ಕೊನೆಯ ಸಾಲನ್ನಷ್ಟೇ ಕೊಡುತ್ತಾರೆ; ಮೇಲ್ನೋಟಕ್ಕೆ ಅದು ಅಸಂಗತ. ಅದಕ್ಕೆ ಅರ್ಥ ಕೂಡುವಂತೆ, ಛಂದಸ್ಸು ಕೆಡದಂತೆ, ಉಳಿದ ಸಾಲುಗಳನ್ನು ಅವಧಾನಿ ಕಟ್ಟಬೇಕು. ಕನ್ನಡವನ್ನು ಬೋಧಿಸಿ ನಿವೃತ್ತನಾದ ನನಗೆ ಬೆಳಕಿನ ವಿಜ್ಞಾನದ ಹೊಸ ಮಾರ್ಗವೊಂದು ಮನದಟ್ಟಾದದ್ದು ಈ ಹೋಲಿಕೆಯಿಂದಲೇ. ಆ ಮಾರ್ಗವನ್ನು ವಿಲೋಮ ವಿನ್ಯಾಸವೆಂದು ಕರೆಯೋಣ.

ಬೆಳಕಿನ ನಡೆಯನ್ನು ಹೇಳುವ ಸಮೀಕರಣಗಳನ್ನು ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದನು. ಆಕೃತಿಯೊಂದನ್ನು ಕೊಟ್ಟರೆ ಅದರೊಳಗೆ ಬೆಳಕು ಹೇಗೆ ಹರಿದೀತೆಂದು ಅವುಗಳಿಂದ ಗಣಿಸಬಹುದು. ವಿಜ್ಞಾನಿಗಳು ಬಹುಕಾಲ ಉಂಗುರ, ಪಟ್ಟಿ, ಸಾಲುರಂಧ್ರಗಳಂಥ ಪರಿಚಿತ ಆಕೃತಿಗಳನ್ನೇ ಹಿಡಿದು ಅಳತೆಗಳನ್ನು ತಿದ್ದುತ್ತ ಬಂದರು. ವಿಲೋಮ ವಿನ್ಯಾಸವು ಪ್ರಶ್ನೆಯನ್ನೇ ತಿರುಗಿಸುತ್ತದೆ: ಬೆಳಕು ಹೀಗೆ ನಡೆಯಬೇಕು, ಅದಕ್ಕೆ ತಕ್ಕ ಆಕೃತಿ ಯಾವುದು?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಯೆಲೆನಾ ವುಚ್ಕೊವಿಚ್ ಅವರ ತಂಡವು 2015ರಲ್ಲಿ ಪ್ರಕಟಿಸಿದ ಸಾಧನವನ್ನೇ ನೋಡಿ. ಒಂದೇ ದಾರಿಯಲ್ಲಿ ಬಂದ 1300 ಮತ್ತು 1550 ನ್ಯಾನೊಮೀಟರ್ ತರಂಗಾಂತರದ ಬೆಳಕುಗಳನ್ನು ಬೇರ್ಪಡಿಸಿ ಎರಡು ದಾರಿಗಳಿಗೆ ಕಳುಹಿಸುವುದು ಅದರ ಕೆಲಸ. ಸಿಲಿಕಾನಿನ ಆ ಚೌಕದ ಬದಿ 2.8 ಮೈಕ್ರೋಮೀಟರ್, ಕೂದಲೆಳೆಯ ದಪ್ಪದ ಹತ್ತನೆಯ ಒಂದು ಭಾಗಕ್ಕಿಂತ ಕಿರಿದು.

ಅಂಥ ಚೌಕವನ್ನು ಗಣಕಯಂತ್ರವು ಅಸಂಖ್ಯ ಕಣಗಳಾಗಿ ಎಣಿಸುತ್ತದೆ. ಎಲ್ಲಿ ಸಿಲಿಕಾನ್ ಇರಬೇಕು, ಎಲ್ಲಿ ಇರಬಾರದು ಎಂದು ಒಂದೊಂದನ್ನೇ ಪರೀಕ್ಷಿಸಹೊರಟರೆ ಆಯುಷ್ಯ ಸಾಲದು. ಆದುದರಿಂದ ಬೆಳಕನ್ನು ಒಮ್ಮೆ ಪ್ರವೇಶದಿಂದ ಮುಂದಕ್ಕೂ, ಒಮ್ಮೆ ಬಯಸಿದ ನಿರ್ಗಮನದಿಂದ ಹಿಂದಕ್ಕೂ ಲೆಕ್ಕದಲ್ಲಿ ಹರಿಸುತ್ತಾರೆ. ಈ ಎರಡು ಗಣನೆಗಳನ್ನು ಕೂಡಿಸಿದರೆ, ಯಾವ ಕಣವನ್ನು ಎತ್ತ ಬದಲಿಸಿದರೆ ಗುರಿ ಹತ್ತಿರವಾದೀತೆಂಬುದು ಎಲ್ಲ ಕಣಗಳಿಗೂ ಒಟ್ಟಿಗೇ ತಿಳಿಯುತ್ತದೆ. ತಿದ್ದುವುದು, ಮತ್ತೆ ಗಣಿಸುವುದು, ಮತ್ತೆ ತಿದ್ದುವುದು.

ಕೊನೆಗೆ ಮೂಡಿದ ಆಕೃತಿ ಗೆದ್ದಲು ತಿಂದ ಹಲಗೆಯಂತಿದೆ. ಈ ರಂಧ್ರ ಇಲ್ಲೇಕೆ ಎಂದರೆ ಬಿಡಿಸಿ ಹೇಳುವುದು ಕಷ್ಟ. ಆದರೂ ತಯಾರಿಸಿ ಅಳೆದಾಗ ಅದು ಬೆಳಕನ್ನು ಬೇರ್ಪಡಿಸಿತು.

ಹಾಗಾದರೆ ಮನುಷ್ಯನಿಗೆ ಉಳಿದ ಕೆಲಸವೇನು? ಯಂತ್ರವು ಕೇಳಿದ್ದನ್ನು ಮಾತ್ರ ಅರಸುತ್ತದೆ. ಸಿಕ್ಕಿದ ಉತ್ತರವೇ ಸರ್ವೋತ್ತಮವೆಂಬ ಭರವಸೆಯೂ ಇಲ್ಲ. ಕೊರೆಯಲಾಗದಷ್ಟು ಸೂಕ್ಷ್ಮವಾದ ರಂಧ್ರ ಬೇಡವೆಂದು ವಿಧಿಸದಿದ್ದರೆ, ಲೆಕ್ಕದಲ್ಲಿ ಮಾತ್ರ ಬದುಕುವ ಸಾಧನ ಬಂದೀತು. ಇಲ್ಲಿ ಛಂದಸ್ಸೆಂದರೆ ಆ ವಿಧಿಯೇ. ಏನು ಬೇಕು, ಯಾವ ಮಿತಿಯೊಳಗೆ ಬೇಕು ಎಂಬುದನ್ನು ಚ್ಯುತಿಯಿಲ್ಲದೆ ನುಡಿಯುವ ಹೊಣೆ ನಮ್ಮದು. ಅವಧಾನದಲ್ಲಿ ಪೃಚ್ಛಕನೂ ವಿದ್ವಾಂಸನಾಗಿರಬೇಕೆಂದು ಬಲ್ಲವರು ಬಯಸುವುದು ಸುಮ್ಮನಲ್ಲ.