ನಾಲ್ಕಡಿ ಬಿದಿರುಗೋಲು ಮತ್ತು ಒಂದು ಟ್ರ್ಯಾಕ್ಟರ್

2025ರ ಯುಗಾದಿಗೆ ಗುಬ್ಬಿ ತಾಲ್ಲೂಕಿನ ನಮ್ಮ ಊರಿಗೆ ಹೋದಾಗ, ತಮ್ಮ ಹೋಳಿಗೆಯ ತಟ್ಟೆಯನ್ನು ಎತ್ತಿ ಹಿಡಿಯಲಾರದೆ ಕೆಳಗಿಟ್ಟ. ಹದಿನಾಲ್ಕು ವರ್ಷ ಪವರ್ ಟಿಲ್ಲರ್‌ನ ಹಿಡಿಗಳನ್ನು ಹಿಡಿದ ಕೈಗಳು ಜೋಮುಗಟ್ಟಿದ್ದವು. ಮಂಡಿಯೂ ಸವೆದಿದೆ, ಇನ್ನು ಟಿಲ್ಲರ್‌ನ ಹಿಂದೆ ನಡೆಯಕೂಡದು ಎಂದು ತುಮಕೂರಿನ ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರಂತೆ. ಈ ಸಂಗತಿಯನ್ನು ಅವನು ನನಗೆ ತಿಳಿಸಿರಲಿಲ್ಲ. ಬೆಂಗಳೂರಿನಲ್ಲಿ ಕುಳಿತು ಅಡಿಕೆ ಹಣದ ಪಾಲನ್ನು ಮಾತ್ರ ಎಣಿಸಿಕೊಳ್ಳುತ್ತಿದ್ದ ನಾನು ಕೇಳಿಯೂ ಇರಲಿಲ್ಲ.

ಆ ರಾತ್ರಿ ಒಂದು ಲೆಕ್ಕ ಹಾಕಿದೆ. ಎರಡಡಿ ಅಗಲಕ್ಕೆ ಮಣ್ಣು ಸಡಿಲಿಸುವ ಟಿಲ್ಲರ್‌ನ ಹಿಂದೆ ಒಂದು ಎಕರೆಯನ್ನು ಒಮ್ಮೆ ಮುಗಿಸಬೇಕಾದರೆ ಸುಮಾರು ಆರೂಮುಕ್ಕಾಲು ಕಿಲೋಮೀಟರ್ ನಡೆಯಬೇಕು. ನಮ್ಮದು ನಾಲ್ಕೂವರೆ ಎಕರೆ. ಇಡೀ ಜಮೀನಿಗೆ ಒಂದು ಸುತ್ತೆಂದರೆ ಮೂವತ್ತು ಕಿಲೋಮೀಟರ್, ಅದೂ ಉಳುಮೆಯಾದ ಹೆಂಟೆಗಳ ಮೇಲೆ. ಕುಳಿತು ಓಡಿಸುವ ಯಂತ್ರವೊಂದು ಬೇಕೆಂಬುದು ಅಂದೇ ತೀರ್ಮಾನವಾಯಿತು. ಯಾವುದು ಎಂಬುದು ತೀರ್ಮಾನವಾಗಲು ಆರು ತಿಂಗಳು ಹಿಡಿಯಿತು.

ತಮ್ಮನ ಮನಸ್ಸಿನಲ್ಲಿದ್ದುದು ದೊಡ್ಡದು. ‘ಅಣ್ಣ, ತಗೊಂಡ್ರೆ ನಲವತ್ತೈದು ಎಚ್.ಪಿ.ಯದ್ದೇ ತಗೊಳ್ಳೋಣ. ಟ್ರೈಲರ್ ಎಳೆಯುತ್ತೆ, ಬಾಡಿಗೆಗೂ ಓಡುತ್ತೆ’ ಎಂದ. ಹಳ್ಳಿಯಲ್ಲಿ ಟ್ರ್ಯಾಕ್ಟರ್ ಎಂಬುದು ಬರಿಯ ಯಂತ್ರವಲ್ಲ. ಚಕ್ರದಡಿ ನಿಂಬೆಹಣ್ಣಿಟ್ಟು ಮನೆ ಮುಂದೆ ತಂದು ನಿಲ್ಲಿಸುವ ಮರ್ಯಾದೆ. ನನ್ನ ಮನಸ್ಸಿನಲ್ಲಿದ್ದುದು ಇನ್ನೊಂದು. ವರ್ಷಕ್ಕೆ ನೂರೈವತ್ತು ಗಂಟೆಗಳಷ್ಟೂ ಕೆಲಸವಿಲ್ಲದ ಯಂತ್ರಕ್ಕೆ ನಿವೃತ್ತಿಯ ಹಣ ಸುರಿಯುವುದೇಕೆ, ಬಾಡಿಗೆಗೆ ತರಿಸಿದರಾಯಿತಲ್ಲ ಎಂಬ ನಗರವಾಸಿಯ ಜಾಣತನ. ನಮ್ಮಿಬ್ಬರ ವಾದದಲ್ಲೂ ಹುರುಳಿತ್ತು. ಆದರೆ ಇಬ್ಬರೂ ತೋಟವನ್ನು ಕೇಳಿರಲಿಲ್ಲ.

ಬಾಡಿಗೆಯ ವಾದ ಮೊದಲು ಬಿತ್ತು. ಮುಂಗಾರಿನ ಹದ ಸಿಗುವುದು ಎಲ್ಲರಿಗೂ ಒಂದೇ ವಾರ. ಆ ವಾರ ಬಾಡಿಗೆಯ ಟ್ರ್ಯಾಕ್ಟರ್ ಮೊದಲು ಹೋಗುವುದು ಹತ್ತು ಎಕರೆಯವನ ಹೊಲಕ್ಕೆ. ಎರಡೂವರೆ ಎಕರೆ ರಾಗಿ ಹೊಲದವನ ಸರದಿ ಬರುವಷ್ಟರಲ್ಲಿ ಮಣ್ಣು ಒಣಗಿರುತ್ತದೆ. ಅಡಿಕೆ ತೋಟದೊಳಕ್ಕಂತೂ ಆ ದೊಡ್ಡ ಗಾಡಿ ಬರುವುದೇ ಇಲ್ಲ. ಸಣ್ಣ ಹಿಡುವಳಿದಾರರಿಗೆ ಯಂತ್ರಗಳು ಬಾಡಿಗೆಗೆ ಸಿಗಲೆಂದೇ ‘ಕೃಷಿ ಯಂತ್ರಧಾರೆ’ಯಂಥ ಯೋಜನೆಗಳಿವೆ, ಅವು ಬೇಕು ಕೂಡ. 2015–16ರ ಕೃಷಿ ಗಣತಿಯಂತೆ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್ ಮಾತ್ರ. ಆದರೆ ಹದಕ್ಕೂ ಸರದಿಗೂ ಹೊಂದಾಣಿಕೆ ಕಷ್ಟ.

ದೊಡ್ಡ ಟ್ರ್ಯಾಕ್ಟರಿನ ವಾದವನ್ನು ಬೀಳಿಸಿದ್ದು ಒಂದು ಬಿದಿರುಗೋಲು. ನಮ್ಮ ಎರಡು ಎಕರೆ ತೋಟದಲ್ಲಿ ಸಾಲಿನಿಂದ ಸಾಲಿಗೆ ಒಂಬತ್ತಡಿ. ಅಡಿಕೆಯ ಬೇರು ಆಳಕ್ಕಿಳಿಯುವುದಕ್ಕಿಂತ ಬುಡದ ಸುತ್ತ ಮೇಲ್ಮಣ್ಣಿನಲ್ಲೇ ಹರಡುವಂಥದ್ದು. ಎರಡೂ ಕಡೆ ಎರಡೂವರೆ ಅಡಿ ಬಿಟ್ಟರೆ ಯಂತ್ರಕ್ಕೆ ಉಳಿಯುವುದು ನಾಲ್ಕಡಿ. ನಾಲ್ಕಡಿಯ ಗೋಲೊಂದನ್ನು ಕಡಿದು, ಅಡ್ಡಲಾಗಿ ಹಿಡಿದು ಇಬ್ಬರೂ ತೋಟದ ಪ್ರತಿ ಸಾಲಿನಲ್ಲೂ ನಡೆದೆವು. ಹನಿ ನೀರಾವರಿಯ ಪೈಪುಗಳು ಮೇಲೆದ್ದ ಜಾಗ, ಬಸಿಗಾಲುವೆಯ ಅಂಚು, ಸಾಲಿನ ಕೊನೆಯ ತಿರುವು ಎಲ್ಲವನ್ನೂ ಗುರುತು ಮಾಡಿಕೊಂಡೆವು. ಅಪ್ಪ ತಮ್ಮ ಕಾಲದಲ್ಲಿ ಏಳಡಿಗೆ ಒಂದರಂತೆ ನೆಟ್ಟ ಅರ್ಧ ಎಕರೆಯಲ್ಲಿ ಗೋಲು ತೂರಿದರೂ ಬೇರಿಗೆ ಜಾಗವೇ ಉಳಿಯುತ್ತಿರಲಿಲ್ಲ. ತಮ್ಮ ಗೋಲನ್ನು ಕೆಳಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ನಲವತ್ತೈದರ ಮಾತು ಮತ್ತೆ ಬರಲಿಲ್ಲ.

ಅಗಲದಷ್ಟೇ ಮುಖ್ಯವಾದುದು ತೂಕ. ನಲವತ್ತೈದು ಎಚ್.ಪಿ.ಯ ಟ್ರ್ಯಾಕ್ಟರ್ ಹೆಚ್ಚು ಕಡಿಮೆ ಎರಡು ಟನ್ ತೂಗುತ್ತದೆ. ಮಿನಿ ಟ್ರ್ಯಾಕ್ಟರುಗಳು ಒಂದು ಟನ್ನಿನ ಒಳಗೆ. ಒದ್ದೆ ಮಣ್ಣಿನ ಮೇಲೆ ಭಾರದ ಚಕ್ರ ಹಾದರೆ ಕೆಳಪದರ ಗಟ್ಟಿಯಾಗುತ್ತದೆ, ನೀರು ಇಂಗದೆ ಬೇರು ಉಸಿರುಗಟ್ಟುತ್ತದೆ.

ಗೋಲನ್ನು ಕಾರಿನಲ್ಲಿಟ್ಟುಕೊಂಡೇ ತುಮಕೂರಿನ ಮಳಿಗೆಗಳನ್ನು ಸುತ್ತಿದೆವು. ಮಾರಾಟದ ಹುಡುಗರಿಗೆ ಅದು ತಮಾಷೆಯಾಗಿ ಕಂಡಿರಬೇಕು. ಮಿನಿ ಟ್ರ್ಯಾಕ್ಟರುಗಳಿಗೆ ಈಗ ಬರವಿಲ್ಲ. ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ.ಯಿಂದ ಹಿಡಿದು ಮಹೀಂದ್ರ, ಸ್ವರಾಜ್, ಕುಬೋಟಾದವರೆಗೆ ಎಲ್ಲರ ಬಳಿಯೂ ಇವೆ. ಎಲ್ಲರೂ ಮೊದಲು ಹೇಳುವುದು ಎಂಜಿನ್ನಿನ ಎಚ್.ಪಿ. ಆದರೆ ರೋಟವೇಟರನ್ನು ತಿರುಗಿಸುವುದು ಹಿಂಬದಿಯ ಪಿ.ಟಿ.ಒ. ದಂಡ, ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು ಅಲ್ಲಿಗೆ ತಲುಪುವ ಮುನ್ನವೇ ಕರಗಿರುತ್ತದೆ. ಇಪ್ಪತ್ನಾಲ್ಕು ಎಂದು ಬರೆದ ಗಾಡಿಯಲ್ಲಿ ಕೆಲಸಕ್ಕೆ ಸಿಗುವುದು ಇಪ್ಪತ್ತರ ಆಸುಪಾಸು. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಗಳಲ್ಲಿ ಈ ಅಂಕಿಯೂ ಡೀಸೆಲ್ ಬಳಕೆ, ಎತ್ತುವ ಸಾಮರ್ಥ್ಯ, ತಿರುಗಲು ಬೇಕಾದ ಜಾಗದ ಅಳತೆಗಳೂ ಇರುತ್ತವೆ. ಆ ವರದಿ ಕೊಡಿ ಎಂದಾಗ ಒಂದು ಮಳಿಗೆಯಲ್ಲಿ ಬಣ್ಣದ ಕರಪತ್ರವನ್ನೇ ಮತ್ತೊಮ್ಮೆ ಕೈಗಿತ್ತರು. ಅಲ್ಲಿಂದ ಎದ್ದು ಬಂದೆವು.

ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಬೆಲೆ ಹೆಚ್ಚು. ಒಣ ಹೊಲವಷ್ಟೇ ಇದ್ದವರಿಗೆ ಅದು ಅನಗತ್ಯವೆಂದೇ ನನ್ನ ಅಭಿಪ್ರಾಯ. ಸದಾ ತೇವವಿರುವ ತೋಟದಲ್ಲಿ ಹಾಗಲ್ಲ. ಹಿಂದಿನ ಎರಡೇ ಚಕ್ರ ಎಳೆದರೆ ಅವು ಜಾರಿ ಒಂದೇ ಕಡೆ ಕೊರೆಯುತ್ತವೆ, ಆ ಗುಂಡಿಯಲ್ಲಿ ಬೇರು ತುಂಡಾಗುತ್ತದೆ.

ಇಷ್ಟೆಲ್ಲ ತಿಳಿದುಕೊಂಡಿದ್ದ ನಮಗೆ ಮುಖ್ಯ ಪ್ರಶ್ನೆಯನ್ನು ಕೇಳಿದವಳು ತಮ್ಮನ ಹೆಂಡತಿ. ‘ಓಡಿಸೋರು ಯಾರು ಭಾವ? ಇವರ ಮಂಡಿ ಹೀಗಿದೆ. ಮಗ ಬೆಂಗಳೂರಲ್ಲಿದ್ದಾನೆ’ ಎಂದಳು. ಮುಂದಿನ ಸಲ ಅವಳನ್ನೂ ಕರೆದುಕೊಂಡು ಹೋದೆವು. ಸೀಟಿನ ಮೇಲೆ ಕುಳಿತು ಕ್ಲಚ್ ತುಳಿದಳು. ತಮ್ಮ ಮೆಚ್ಚಿದ್ದ ಗಾಡಿಯಲ್ಲಿ ಅವಳ ಕಾಲು ಪೂರ್ತಿ ನಿಲುಕಲಿಲ್ಲ. ಸೀಟನ್ನು ಮುಂದಕ್ಕೆ ಸರಿಸಲೂ ಬರುತ್ತಿರಲಿಲ್ಲ. ಮಾರಾಟದ ಹುಡುಗ ನಕ್ಕ. ಅವಳು ನಗಲಿಲ್ಲ, ಇಳಿದು ಪಕ್ಕದ ಗಾಡಿ ಹತ್ತಿದಳು.

ಉರುಳುವ ಭಯವನ್ನು ಬಾಯಿಬಿಟ್ಟು ಹೇಳಿದವಳೂ ಅವಳೇ. ನಮ್ಮ ತೋಟಕ್ಕೆ ಹೋಗುವುದು ಕೆರೆ ಏರಿಯ ಇಳಿಜಾರಿನಲ್ಲಿ. ಅಗಲ ಕಿರಿದಾದಷ್ಟೂ ಗಾಡಿ ಪಕ್ಕಕ್ಕೆ ಮಗುಚುವ ಸಂಭವ ಹೆಚ್ಚು. ತಲೆಯ ಹಿಂದೆ ಕಮಾನಿನಂತೆ ನಿಲ್ಲುವ ಉಕ್ಕಿನ ರಕ್ಷಣಾ ಚೌಕಟ್ಟು, ಅದರೊಂದಿಗೆ ಸೀಟ್ ಬೆಲ್ಟ್ ಇರಲೇಬೇಕೆಂದು ಹಟ ಹಿಡಿದೆವು. ಗರಿಗಳಿಗೆ ತಾಗದಂತೆ ಮಡಚುವ ಚೌಕಟ್ಟುಗಳೂ ಬಂದಿವೆ. ಏರಿಯ ಮೇಲೆ ಮಾತ್ರ ಅದು ನೆಟ್ಟಗೆ ನಿಂತಿರಬೇಕು. ಟ್ರೈಲರಿನ ಆಸೆಯನ್ನು ತಮ್ಮ ಅಲ್ಲಿಗೆ ಕೈಬಿಟ್ಟ. ತುಂಬಿದ ಟ್ರೈಲರ್ ಇಳಿಜಾರಿನಲ್ಲಿ ಹಗುರ ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳುತ್ತದೆ, ಬ್ರೇಕು ಅದನ್ನು ತಡೆಯಲಾರದು.

ಬಿಡಿಭಾಗಗಳ ವಿಷಯವನ್ನು ಮಳಿಗೆಯಲ್ಲಿ ಕೇಳದೆ ಗುಬ್ಬಿಯ ಮೆಕ್ಯಾನಿಕ್ ಒಬ್ಬರನ್ನು ಕೇಳಿದೆವು. ಯಾವ ಗಾಡಿಯ ಫಿಲ್ಟರು, ಬೆಲ್ಟು ಅಂದೇ ಸಿಗುತ್ತದೆ, ಯಾವುದಕ್ಕೆ ವಾರ ಕಾಯಬೇಕು ಎಂಬುದನ್ನು ಅವರು ಬೆರಳೆಣಿಕೆಯಲ್ಲಿ ಹೇಳಿ ಮುಗಿಸಿದರು. ಸಹಾಯಧನದ ಅರ್ಜಿ ಹಾಕಬಹುದಿತ್ತು. ಆದರೆ ಸಹಾಯಧನವಿದೆಯೆಂಬ ಕಾರಣಕ್ಕೆ ತೋಟಕ್ಕೆ ಒಗ್ಗದ ಗಾಡಿ ತಂದವರನ್ನು ನಾನು ಕಂಡಿದ್ದೇನೆ; ಮೊದಲು ಗಾಡಿ ಆರಿಸಿ, ಆಮೇಲೆ ಪಟ್ಟಿ ನೋಡಿದೆವು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಜಿ.ಎಸ್.ಟಿ. ಶೇ 12ರಿಂದ ಶೇ 5ಕ್ಕೆ ಇಳಿದದ್ದು ನಮ್ಮ ಪಾಲಿನ ಅದೃಷ್ಟ. ಐದು ಲಕ್ಷದ ಮೂಲಬೆಲೆಗೆ ಮೂವತ್ತೈದು ಸಾವಿರ ಉಳಿಯುತ್ತದೆ. ಆ ಹಣ ರೋಟವೇಟರಿಗೆ ಹೋಯಿತು.

ಆಯುಧಪೂಜೆಯ ಮುನ್ನಾದಿನ ಗಾಡಿ ಮನೆಗೆ ಬಂತು. ಇಪ್ಪತ್ತೆರಡು ಎಚ್.ಪಿ., ನಾಲ್ಕೂ ಚಕ್ರದ ಎಳೆತ, ಮೂರೂಮುಕ್ಕಾಲು ಅಡಿ ಅಗಲ. ಗಾತ್ರ ನೋಡಿ ಪಕ್ಕದ ಮನೆಯವರು ‘ಇದರ ಅಮ್ಮ ಯಾವಾಗ ಬರ್ತಾಳೆ?’ ಎಂದು ಕೇಳಿದರು. ತಮ್ಮ ಮುಖ ಸಣ್ಣದು ಮಾಡಿಕೊಂಡ. ವಾರದೊಳಗೆ ಅವನ ಹೆಂಡತಿ ಸಾಲಿನ ಕೊನೆಯಲ್ಲಿ ಒಂದೇ ಪಟ್ಟಿಗೆ ತಿರುಗಿಸುವುದನ್ನು ಕಲಿತಿದ್ದಳು.

ಅಪ್ಪ ನೆಟ್ಟ ಅರ್ಧ ಎಕರೆಯಲ್ಲಿ ಸಾಲು ಬಿಟ್ಟು ಸಾಲು ಕಡಿದರೆ ಗಾಡಿ ಅಲ್ಲಿಗೂ ಹೋಗುತ್ತದೆ ಎಂದು ನಾನು ಸೂಚಿಸಿದ್ದೆ. ತಮ್ಮ ಒಪ್ಪಲಿಲ್ಲ. ಉದುರಿದ ಸೋಗೆಯನ್ನು ಅಲ್ಲೇ ಹಾಸಿ, ಕಳೆಯನ್ನು ಕುಡುಗೋಲಿನಿಂದ ಸವರಿಸುತ್ತಾನೆ. ಬಿದಿರುಗೋಲು ಆ ಭಾಗದ ಮೊದಲ ಮರಕ್ಕೆ ಒರಗಿ ನಿಂತಿದೆ.