ಎಳೆಯ ಮಕ್ಕಳಿರುವ ಮನೆಯಲ್ಲಿ ಉಯಿಲು

ನಮ್ಮ ಮನೆಗಳಲ್ಲಿ ಸಾವಿನ ಮಾತೆತ್ತಿದವರ ಬಾಯಿ ಮುಚ್ಚಿಸಲು ಎರಡೇ ಪದ ಸಾಕು: ‘ಬಿಡ್ತು ಅನ್ನಿ’. ನನ್ನ ಮಗಳಿಗೆ ಆರು ವರ್ಷ, ಮಗನಿಗೆ ಎರಡು ತುಂಬಿದ್ದ ಕಾಲ. ಒಂದು ಸಂಜೆ, ಉಯಿಲೊಂದನ್ನು ಬರೆದಿಡಬೇಕು ಎಂದೆ. ದೇವರ ಮುಂದೆ ದೀಪ ಹಚ್ಚುತ್ತಿದ್ದ ನನ್ನಾಕೆ ತಿರುಗಿ ನೋಡಿ ಆ ಎರಡು ಪದಗಳನ್ನು ಹೇಳಿದಳು. ನಾನು ‘ಬಿಡ್ತು’ ಅಂದೆ. ಬಿಟ್ಟೂ ಬಿಟ್ಟೆ, ಮತ್ತೆ ನಾಲ್ಕು ವರ್ಷ ಆ ಮಾತೆತ್ತಲಿಲ್ಲ. ಆಸ್ತಿಯ ವ್ಯಾಜ್ಯಗಳಿಂದಲೇ ಹೊಟ್ಟೆ ಹೊರೆಯುವ ವಕೀಲನ ಸ್ಥಿತಿಯೇ ಹೀಗಿದ್ದರೆ ಉಳಿದವರದನ್ನು ಕೇಳಬೇಕೆ?

ಉಯಿಲು ಬರೆಯುವುದು ಮುದುಕರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಿಚಾರ ಮಾಡಿ ನೋಡಿದರೆ ಎಪ್ಪತ್ತು ವರ್ಷದ ಹಿರಿಯರು ಉಯಿಲು ಬರೆಯದೆ ಹೋದರೆ ಆಗುವ ನಷ್ಟ ಅಷ್ಟು ದೊಡ್ಡದಲ್ಲ. ಅವರ ಮಕ್ಕಳು ಬೆಳೆದವರು. ಜಗಳವಾಡಿಯೋ ರಾಜಿಯಾಗಿಯೋ ಪಾಲು ಮಾಡಿಕೊಳ್ಳುತ್ತಾರೆ, ಸಹಿ ಹಾಕಲು ಅವರಿಗೆ ಕೈಯಿದೆ. ತೊಟ್ಟಿಲಲ್ಲಿರುವ ಮಗು ಸಹಿ ಹಾಕಲಾರದು. ಕಷ್ಟವೆಲ್ಲ ಹುಟ್ಟುವುದು ಈ ಸಣ್ಣ ಸಂಗತಿಯಿಂದಲೇ.

ಕೆಲವು ವರ್ಷಗಳ ಹಿಂದೆ ನನ್ನ ಕಛೇರಿಗೆ ಬಂದ ಹೆಣ್ಣುಮಗಳೊಬ್ಬಳ ಕಥೆಯನ್ನು ಹೇಳುತ್ತೇನೆ. ಗಂಡ ಮೂವತ್ತೆಂಟರ ಪ್ರಾಯದಲ್ಲಿ ಹಠಾತ್ತನೆ ತೀರಿಕೊಂಡಿದ್ದ. ತನ್ನ ದುಡಿಮೆಯಿಂದ ಊರಂಚಿನಲ್ಲಿ ಒಂದು ನಿವೇಶನ ಕೊಂಡಿದ್ದ. ಜೊತೆಗೆ ಒಂದಿಷ್ಟು ಸಾಲವೂ ಇತ್ತು. ನಿವೇಶನ ಮಾರಿ ಸಾಲ ತೀರಿಸಿ ಉಳಿದುದರಲ್ಲಿ ಮಕ್ಕಳನ್ನು ಓದಿಸುವುದು ಆಕೆಯ ಯೋಚನೆ. ‘ನಮ್ಮ ಯಜಮಾನರದ್ದು ಅಂದರೆ ನನ್ನದೇ ಅಲ್ಲವೆ ಸಾರ್?’ ಎಂದು ಕೇಳಿದಳು. ಅಲ್ಲಮ್ಮ, ಕಾಲು ಭಾಗ ಮಾತ್ರ ನಿನ್ನದು ಎಂದು ನಾನು ಹೇಳಬೇಕಾಯಿತು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ಸತ್ತ ಗಂಡಸಿನ ಸ್ವಯಾರ್ಜಿತ ಆಸ್ತಿ ಅವನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ತಾಯಿಗೆ ಸಮನಾಗಿ ಹಂಚಿಹೋಗುತ್ತದೆ. ತಂದೆ ಬದುಕಿದ್ದರೂ ಈ ಮೊದಲ ಸಾಲಿನಲ್ಲಿ ಅವನಿಗೆ ಸ್ಥಳವಿಲ್ಲ. ಆಕೆಯ ಮನೆಯಲ್ಲಿ ಅತ್ತೆ ಇದ್ದರು, ಒಬ್ಬ ಮಗ, ಒಬ್ಬ ಮಗಳು. ಹೀಗೆ ನಿವೇಶನ ನಾಲ್ಕು ಪಾಲಾಯಿತು. ಮಕ್ಕಳ ಅರ್ಧ ಭಾಗಕ್ಕೆ ತಾಯಿಯೇ ಸಹಜ ಪೋಷಕಿ, ನಿಜ. ಆದರೆ ಅದೇ 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವದ ಕಾಯಿದೆ ಒಂದು ಬೇಲಿ ಹಾಕಿದೆ: ಮಗುವಿನ ಸ್ಥಿರಾಸ್ತಿಯನ್ನು ಹೆತ್ತವರೇ ಆಗಲಿ ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಮಾರಲು, ಅಡವಿಡಲು, ಐದು ವರ್ಷ ಮೀರಿ ಗುತ್ತಿಗೆಗೆ ಕೊಡಲು ಸಾಧ್ಯವಿಲ್ಲ. ಅನುಮತಿಯಿಲ್ಲದೆ ಮಾರಿದರೆ, ಮಗು ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ದಾವೆ ಹೂಡಿ ಆ ಮಾರಾಟವನ್ನು ರದ್ದುಗೊಳಿಸಬಹುದು. ಇದನ್ನು ಬಲ್ಲ ಯಾರು ತಾನೇ ಅಂಥ ನಿವೇಶನ ಕೊಂಡಾರು?

ಬೇಲಿ ಅನ್ಯಾಯದ್ದೆಂದು ನಾನು ಹೇಳಲಾರೆ. ತಬ್ಬಲಿಗಳ ಆಸ್ತಿಯನ್ನು ದೊಡ್ಡಪ್ಪಂದಿರೂ ಸೋದರಮಾವಂದಿರೂ ನುಂಗಿ ನೀರು ಕುಡಿದ ಕಥೆಗಳು ನಮ್ಮ ಯಾವ ಊರಿನಲ್ಲಿಲ್ಲ? ಆದರೆ ಒಳ್ಳೆಯ ತಾಯಿಯೂ ಅದೇ ಬೇಲಿಯ ಹೊರಗೆ ನಿಂತು ಕಾಯಬೇಕಾಗುತ್ತದೆ. ಅನುಮತಿ ಸಿಗುವ ಹೊತ್ತಿಗೆ ಒಂದು ವರ್ಷ ಕಳೆದುಹೋಯಿತು, ಬಡ್ಡಿ ಬೆಳೆಯಿತು. ಅಷ್ಟರಲ್ಲಿ ಅತ್ತೆಯೂ ತೀರಿಕೊಂಡರು. ಅವರ ಕಾಲು ಪಾಲು ಮೊಮ್ಮಕ್ಕಳಿಗೆ ಮಾತ್ರ ಬರಲಿಲ್ಲ. ಅವರ ಇನ್ನಿಬ್ಬರು ಗಂಡುಮಕ್ಕಳೂ ಒಬ್ಬ ಮಗಳೂ ಅದರಲ್ಲಿ ಹಕ್ಕುದಾರರಾದರು. ಮೈದುನನೊಬ್ಬ ಸಹಿ ಹಾಕಲು ಒಪ್ಪಲಿಲ್ಲ. ಸತ್ತವನು ಒಂದು ಹಾಳೆಯ ಮೇಲೆ ‘ಈ ನಿವೇಶನ ನನ್ನ ಹೆಂಡತಿಗೆ, ನನ್ನ ತಾಯಿಯನ್ನು ಕೊನೆಯತನಕ ಆಕೆ ನೋಡಿಕೊಳ್ಳಬೇಕು’ ಎಂದು ಕ್ರಮವಾಗಿ ಬರೆದಿಟ್ಟಿದ್ದರೆ ಇಷ್ಟೂ ತಪ್ಪುತ್ತಿತ್ತು.

ಕ್ರಮವಾಗಿ ಎಂದೆನಲ್ಲ, ಆ ಕ್ರಮ ತೀರ ಸರಳ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಛಾಪಾ ಕಾಗದ ಕೇಳುವುದಿಲ್ಲ, ಬಿಳಿಯ ಹಾಳೆ ಸಾಕು. ಪಾರಿಭಾಷಿಕ ಪದಗಳೂ ಬೇಕಿಲ್ಲ. ಬರೆದವನ ಇಚ್ಛೆ ಏನೆಂಬುದು ಓದಿದವರಿಗೆ ತಿಳಿದರೆ ಆಯಿತು. ಬರೆದವನು ಸಹಿ ಮಾಡಬೇಕು, ಅದನ್ನು ಕಂಡ ಇಬ್ಬರು ಸಾಕ್ಷಿಗಳು ಅವನೆದುರಿಗೆ ಸಹಿ ಮಾಡಬೇಕು. ಉಯಿಲಿನಿಂದ ಲಾಭ ಪಡೆಯುವವರನ್ನು ಸಾಕ್ಷಿಗೆ ಕರೆಯದಿರುವುದು ಲೇಸು. ನೋಂದಣಿ ಕಡ್ಡಾಯವಲ್ಲ; ಆದರೂ ಸಬ್‌ರಿಜಿಸ್ಟ್ರಾರ್ ಕಛೇರಿಯಲ್ಲಿ ನೋಂದಾಯಿಸಿದ ಉಯಿಲನ್ನು ಯಾರೂ ಸುಲಭವಾಗಿ ಬಚ್ಚಿಡಲಾರರು. ಮೊಹರು ಹಾಕಿದ ಲಕ್ಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಗಳ ವಶಕ್ಕೆ ಒಪ್ಪಿಸುವ ಅವಕಾಶವೂ ಉಂಟು. ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ತಿದ್ದಿ ಬರೆಯಬಹುದು, ಕೊನೆಯದೇ ನಿಲ್ಲುವುದು. ಒಟ್ಟು ಕುಟುಂಬದ ಆಸ್ತಿಯಾದರೆ ತನ್ನ ಪಾಲಿನ ಮಟ್ಟಿಗೆ ಮಾತ್ರ ಬರೆಯಲು ಅಧಿಕಾರ. ಆ ಪಾಲಿನಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲಿಯೇ ಜನ್ಮಸಿದ್ಧ ಹಕ್ಕು ಕೊಟ್ಟಿತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ.

ನಾನು ಹೇಳುತ್ತಿರುವುದು ಹಿಂದೂ ಕಾಯಿದೆಯ ಮಾತು. ಮುಸಲ್ಮಾನರಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಲ್ಲಿ ಕೊಡುವಂತಿಲ್ಲ. ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಹೆಂಡತಿಗೆ ಮೂರನೆಯ ಒಂದು, ಉಳಿದದ್ದು ಮಕ್ಕಳಿಗೆ.

‘ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಿದ್ದೇನೆ, ಇನ್ನೇನು?’ ಎನ್ನುವವರು ಬಹಳ. ಬ್ಯಾಂಕಿನ ಠೇವಣಿಗೆ ನಾಮಿನಿಯೆಂದರೆ ಹಣವನ್ನು ಸ್ವೀಕರಿಸುವ ಕೈ ಮಾತ್ರ, ಒಡೆಯನಲ್ಲ. ಆ ಹಣ ವಾರಸುದಾರರಿಗೇ ಸೇರಬೇಕು. ಜೀವವಿಮೆಯ ವಿಷಯದಲ್ಲಿಯೂ 1983ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಹೇಳಿತ್ತು; ತಂದೆತಾಯಿ, ಪತಿಪತ್ನಿ, ಮಕ್ಕಳು ನಾಮಿನಿಗಳಾದಾಗ ಹಣದ ಹಕ್ಕೂ ಅವರಿಗೇ ಎಂಬ ತಿದ್ದುಪಡಿ ಬಂದದ್ದು 2015ರಲ್ಲಿ. ವಿಮೆಯ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. 1874ರಷ್ಟು ಹಳೆಯದಾದ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ ಅಡಿಯಲ್ಲಿ ಗಂಡನಾದವನು ಹೆಂಡತಿ ಮಕ್ಕಳ ಹಿತಕ್ಕೆಂದು ವಿಮೆ ಮಾಡಿಸಿದರೆ ಆ ಹಣಕ್ಕೆ ಅವನ ಸಾಲಗಾರರು ಕೈಹಾಕುವಂತಿಲ್ಲ. ವ್ಯಾಪಾರ ಮಾಡುವವರು, ಯಾರಿಗಾದರೂ ಜಾಮೀನು ನಿಂತವರು ಇದನ್ನು ನೆನಪಿಡತಕ್ಕದ್ದು.

ಆಸ್ತಿಯ ಮಾತು ಸಾಕು. ಎಳೆಯ ಮಕ್ಕಳ ತಂದೆತಾಯಿ ಎದುರಿಸಬೇಕಾದ ನಿಜವಾದ ಪ್ರಶ್ನೆ ಇದಲ್ಲ. ಇಬ್ಬರೂ ಒಟ್ಟಿಗೇ ಇಲ್ಲವಾದರೆ ಮಕ್ಕಳು ಯಾರ ಮನೆಯಲ್ಲಿ ಬೆಳೆಯಬೇಕು? ಕಾಯಿದೆ ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲ ಅಧಿಕಾರವನ್ನು ಹೆತ್ತವರಿಗೇ ಬಿಟ್ಟಿದೆ. ತಂದೆ ಉಯಿಲಿನಲ್ಲಿ ಪೋಷಕರನ್ನು ಹೆಸರಿಸಬಹುದು. ತಾಯಿ ಬದುಕಿರುವವರೆಗೆ ಆ ನೇಮಕ ಮಲಗಿರುತ್ತದೆ. ಆಕೆ ಯಾರನ್ನೂ ಹೆಸರಿಸದೆ ತೀರಿಕೊಂಡರೆ ಮತ್ತೆ ಎದ್ದು ನಿಲ್ಲುತ್ತದೆ. ಆಕೆ ತನ್ನ ಉಯಿಲಿನಲ್ಲಿ ಬೇರೆಯವರ ಹೆಸರು ಬರೆದಿದ್ದರೆ ಆಕೆಯ ಮಾತೇ ನಡೆಯುತ್ತದೆ. ಆದ್ದರಿಂದ ಉಯಿಲು ಇಬ್ಬರದೂ ಇರಬೇಕು, ಪರಸ್ಪರ ಮಾತಾಡಿಕೊಂಡೇ ಇರಬೇಕು. ಇಬ್ಬರೂ ಬರೆಯದಿದ್ದರೆ ವಿಷಯ 1890ರ ಪೋಷಕರ ಮತ್ತು ಪಾಲ್ಯರ ಕಾಯಿದೆಯಡಿ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಮಗುವಿನ ಕ್ಷೇಮವೇ ಪರಮ; ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳುತ್ತಾರೆ. ಆದರೆ ತಂದೆಯ ಕಡೆಯವರೂ ತಾಯಿಯ ಕಡೆಯವರೂ ಎರಡು ಬೆಂಚುಗಳಲ್ಲಿ ಕುಳಿತಿರುವಾಗ, ‘ನಿನಗೆ ಯಾರು ಬೇಕು ಮರಿ?’ ಎಂದು ಕೇಳಿಸಿಕೊಂಡ ಮಗುವಿನ ಮುಖವನ್ನು ನಾನು ಕಂಡಿದ್ದೇನೆ. ಅದು ತನ್ನ ಚಪ್ಪಲಿಯನ್ನೇ ನೋಡುತ್ತಿತ್ತು.

ನಮ್ಮ ಉಯಿಲು ಕೊನೆಗೂ ಬರೆಯಲ್ಪಟ್ಟದ್ದು ಆ ಮುಖವನ್ನು ಕಂಡ ವಾರವೇ. ಈ ಸಲ ಹಗಲು ಹೊತ್ತಿನಲ್ಲಿ, ಭಾನುವಾರ, ಮಾತು ತೆಗೆದೆ. ಹೆಂಡತಿ ಬಹಳ ಹೊತ್ತು ಸುಮ್ಮನಿದ್ದು, ‘ಬರೆದದ್ದನ್ನು ಓದಿ’ ಎಂದಳು. ಮಕ್ಕಳೂ ಹಣವೂ ಎರಡೂ ನನ್ನ ಅಣ್ಣನ ವಶಕ್ಕೆ ಎಂದು ನಾನು ಬರೆದಿದ್ದೆ. ‘ಭಾವನವರು ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಮಾಡುವವರಲ್ಲ, ಹಣ ಅವರಲ್ಲೇ ಇರಲಿ. ಆದರೆ ಆ ಮನೆಯಲ್ಲಿ ಮಕ್ಕಳು ಗಟ್ಟಿಯಾಗಿ ನಕ್ಕದ್ದನ್ನು ನೀವು ಕೇಳಿದ್ದೀರಾ? ಮಕ್ಕಳು ನನ್ನ ತಂಗಿಯ ಹತ್ತಿರ ಇರಲಿ’ ಎಂದಳು. ಕಾಯಿದೆ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಮಗುವನ್ನು ಸಾಕುವವರು ಒಬ್ಬರು, ಹಣವನ್ನು ಕಾಯುವವರು ಇನ್ನೊಬ್ಬರು ಆಗಬಹುದು. ಇಷ್ಟು ವರ್ಷದ ವಕೀಲಿಕೆಯಲ್ಲಿ ನನಗೇ ಹೊಳೆಯದ ಒಕ್ಕಣೆ ಅದು.

ಅಣ್ಣನಿಗೂ ನಾದಿನಿಗೂ ಹೇಳಿ ಒಪ್ಪಿಗೆ ಪಡೆದೆವು. ಕೇಳದೆ ಹೆಸರಿಸಲ್ಪಟ್ಟವರು ಆ ದಿನ ಬಂದಾಗ ಹಿಂಜರಿದರೆ ಬರೆದ ಕಾಗದ ಬರೀ ಕಾಗದ. ನಾದಿನಿ ದೂರವಾಣಿಯಲ್ಲಿಯೇ ಅತ್ತುಬಿಟ್ಟಳು, ಆಮೇಲೆ ‘ಬಿಡ್ತು ಅನ್ನಿ ಭಾವ’ ಎಂದಳು, ಆಮೇಲೆ ಒಪ್ಪಿದಳು. ಎರಡು ಹೊಸ ಹಾಳೆಗಳ ಮೇಲೆ ಅವಳದೊಂದು, ನನ್ನದೊಂದು ಬರೆದು, ಎದುರುಮನೆಯ ಮೇಷ್ಟರನ್ನೂ ಅವರ ಮಗನನ್ನೂ ಸಾಕ್ಷಿ ಹಾಕಲು ಕರೆದೆವು. ಅವರಿಗೆ ಕಾಫಿ ಕೊಟ್ಟು ಒಳಗೆ ಬಂದ ಹೆಂಡತಿ, ಬೀರುವಿನ ಯಾವ ಅರೆಯಲ್ಲಿ ಕಾಗದ ಇಡುವಿರಿ, ನನಗೂ ತೋರಿಸಿ ಎಂದಳು.